ಕಂಪವಾತವೂ ಮನೋವಿಕಾರವೂ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಶಾಸನವನ್ನು ಕನ್ನಡನಾಡಿನ ಚರಿತ್ರೆಯನ್ನು ಬಲ್ಲವರಾರೂ ಮರೆಯಲಾರರು. ಕ್ರಿಸ್ತಶಕ ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿಯು ಈ ಸಂಸ್ಕೃತ ಕಾವ್ಯವನ್ನು ರಚಿಸಿ ತಾನೇ ಕಲ್ಲಿನ ಮೇಲೆ ಬರೆದನೆಂದು ಶಾಸನದಿಂದಲೇ ತಿಳಿದುಬರುತ್ತದೆ. ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದುದು, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಕಲಹವುಂಟಾದುದು, ಆ ಅಪಮಾನದಿಂದ ಕೆರಳಿ ದರ್ಭೆ ಸಮಿತ್ತುಗಳಲ್ಲಿ ಪಳಗಿದ್ದ ಕೈಯಿಂದಲೇ ಖಡ್ಗವನ್ನು ಹಿರಿದುದು, ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ. ಕೋಪವು ಹುಟ್ಟಿದುದು ಮನಸ್ಸಿನಲ್ಲಿ. ಅದು ಪ್ರಕಟವಾದುದು ಕೈಯಲ್ಲಿ. ಹೀಗೆ ಕೈಯನ್ನು ಮನಸ್ಸಿನ ಕಿಂಕರನೆಂದು ಬಗೆಯುವುದು ಲೋಕದ ರೂಢಿ.

ಕಿಂಕರನು ಸ್ವಾಮಿಯ ಮಾತನ್ನು ಮೀರುವಂತೆ ಮಾಡುವ ರೋಗವೊಂದುಂಟು. ಪೂರ್ವದ ವೈದ್ಯರು ಅದರ ಮುಖ್ಯ ಲಕ್ಷಣವನ್ನು ವೇಪಥುವೆಂದು ಕರೆದರು, ಅನಂತರದವರು ಕಂಪವಾತವೆಂದರು, ಇಂದಿನ ವೈದ್ಯರು ಪಾರ್ಕಿನ್ಸನ್ ರೋಗವೆನ್ನುತ್ತಾರೆ. ಇದರಲ್ಲಿ ಕೈ ನಡುಗುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕೈಯೊಡನೆ ಮನಸ್ಸೂ ಮಾರ್ಪಡುವುದೆಂಬುದು ಅನೇಕರಿಗೆ ತಿಳಿಯದು. ಈ ಎರಡನೆಯ ಸಂಗತಿಯು ಒಮ್ಮೆ ಸೂಚಿತವಾಗಿ, ಮತ್ತೊಮ್ಮೆ ಮರೆತುಹೋಗಿ, ಬಹುಕಾಲದ ಮೇಲೆ ಪುನಃ ಗೋಚರಕ್ಕೆ ಬಂದ ಬಗೆಯು ವಿಚಾರಾರ್ಹವಾದುದು. ಅದನ್ನರಿಯದಿದ್ದುದರಿಂದ ಎಷ್ಟೋ ಮನೆಗಳಲ್ಲಿ ಅನ್ಯಾಯವು ನಡೆದಿದೆ, ಇಂದಿಗೂ ನಡೆಯುತ್ತಿದೆ.

ರೋಗವನ್ನು ಮೊದಲು ಮನೆಯವರ ಕಣ್ಣಿನಿಂದ ನೋಡುವುದು ಯುಕ್ತವು. ಶಿರಾಳಕೊಪ್ಪ, ಸೊರಬಗಳ ಕಡೆಯ ಒಂದು ಮನೆಯ ಜಗಲಿಯಲ್ಲಿ ಕುಳಿತಿರುವ, ಅರವತ್ತು ದಾಟಿದ ಯಜಮಾನನೊಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ವೀಳ್ಯದೆಲೆಗೆ ಸುಣ್ಣ ಹಚ್ಚುವಾಗ ಬೆರಳು ತಡವರಿಸುತ್ತದೆ. ಅಕ್ಷರವು ಸಾಲಿನ ಕೊನೆಗೆ ಬರುಬರುತ್ತ ಸಾಸಿವೆಯಷ್ಟಾಗುತ್ತದೆ. ಬ್ಯಾಂಕಿನಲ್ಲಿ ರುಜು ಹೊಂದುವುದಿಲ್ಲ. ಇವನ್ನು ಮನೆಯವರು ಮುಪ್ಪಿನ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ಮದುವೆಗೆ ಕರೆಯಲು ಬಂದ ಬೀಗರನ್ನು ಕಂಡು ಆತನ ಮುಖದಲ್ಲಿ ನಗೆಯೇ ಮೂಡದಿದ್ದರೆ ಅವರು ಅದನ್ನು ಗರ್ವವೆಂದು ತಿಳಿಯುತ್ತಾರೆ. ತೋಟಕ್ಕೆ ಹೋಗುವ ಆಸಕ್ತಿಯೂ ಪುರಾಣವನ್ನು ಕೇಳುವ ಆಸೆಯೂ ಬತ್ತಿಹೋದರೆ ಮಕ್ಕಳು ಅದನ್ನು ಸೋಮಾರಿತನವೆನ್ನುತ್ತಾರೆ. ನಡುರಾತ್ರಿ ಆತನು ಕನಸಿನಲ್ಲಿಯೇ ಕೂಗಿ, ಒದೆದು, ಪಕ್ಕದಲ್ಲಿ ಮಲಗಿದ ಹೆಂಡತಿಗೆ ಪೆಟ್ಟುಮಾಡಿದರೆ ನೆರೆಯವರು ಗಾಳಿ ಸೋಕಿತೆನ್ನುತ್ತಾರೆ. ಕೆಲವು ವರ್ಷಗಳಾದ ಮೇಲೆ ಅಂಗಳದಲ್ಲಿ ಇಲ್ಲದ ಮಕ್ಕಳು ಕಾಣಿಸತೊಡಗಿದರೆ ಕೇಳುವುದೇ ಬೇಡ. ತಾಯಿತವೂ ತಡೆಯೂ ಬರುತ್ತವೆ. ಗರ್ವ, ಸೋಮಾರಿತನ, ಗಾಳಿ, ಹುಚ್ಚು ಎಂದು ನಾಲ್ಕು ಹೆಸರುಗಳನ್ನು ಪಡೆದ ಇವೆಲ್ಲವೂ ಒಂದೇ ರೋಗದ ಕೊಂಬೆಗಳೆಂದು ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಗ್ರಂಥಗಳ ಕಡೆಗೆ ತಿರುಗೋಣ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ವಾತದಿಂದ ಹುಟ್ಟುವ ಎಂಬತ್ತು ವಿಕಾರಗಳ ಗಣನೆಯುಂಟು. ಆ ಪಟ್ಟಿಯ ತುದಿಯಲ್ಲಿ ವೇಪಥು, ಎಂದರೆ ನಡುಕವು, ಬರುತ್ತದೆ. ಅದರ ಸಮೀಪದಲ್ಲಿಯೇ ವಿಷಾದ, ಅತಿಪ್ರಲಾಪ, ಅಸ್ವಪ್ನ, ಅನವಸ್ಥಿತಚಿತ್ತತ್ವ ಎಂಬಿವು ಹೇಳಲ್ಪಟ್ಟಿವೆ. ಮನದ ಕುಗ್ಗು, ಹಳಹಳಿಕೆಯ ಮಾತು, ನಿದ್ರಾನಾಶ, ನೆಲೆನಿಲ್ಲದ ಚಿತ್ತ ಎಂದು ಇವುಗಳ ಅರ್ಥ. ಅದೇ ಸ್ಥಾನದ ಹನ್ನೆರಡನೆಯ ಅಧ್ಯಾಯವು ವಾಯುವನ್ನು ಸಕಲ ಚೇಷ್ಟೆಗಳಿಗೆ ಪ್ರವರ್ತಕನೆಂದು ಹೇಳುವುದಲ್ಲದೆ, ಮನಸ್ಸನ್ನು ನಡೆಸುವವನೂ ತಡೆಯುವವನೂ ಅವನೇ ಎಂದು ಸಾರುತ್ತದೆ. ಕೈಕಾಲುಗಳನ್ನು ಚಲಿಸುವ ಶಕ್ತಿಯೂ ಮನಸ್ಸನ್ನು ಹತೋಟಿಯಲ್ಲಿಡುವ ಶಕ್ತಿಯೂ ಒಂದೇ ಆದ ಮೇಲೆ ಒಂದು ಕೆಟ್ಟಲ್ಲಿ ಇನ್ನೊಂದು ಕೆಡುವುದು ಆಶ್ಚರ್ಯವಲ್ಲ. ಮಾಧವಕರನು ತನ್ನ ನಿದಾನಗ್ರಂಥದ ವಾತವ್ಯಾಧಿಪ್ರಕರಣದಲ್ಲಿ ಸರ್ವಾಂಗವೂ ಶಿರಸ್ಸೂ ನಡುಗುವುದನ್ನು ವೇಪಥುವೆಂದು ಬೇರೆಯಾಗಿ ಲಕ್ಷಣೀಕರಿಸಿದ್ದಾನೆ.

ಇಷ್ಟರಿಂದಲೇ ಪ್ರಾಚೀನರು ಇಂದು ತಿಳಿದಿರುವುದೆಲ್ಲವನ್ನೂ ಅಂದೇ ಅರಿತಿದ್ದರೆಂದು ಹಿಗ್ಗುವುದು ಪಂಡಿತಲಕ್ಷಣವಲ್ಲ. ಚರಕನ ಪಟ್ಟಿಯಲ್ಲಿ ವೇಪಥುವೂ ವಿಷಾದವೂ ಬೇರೆ ಬೇರೆ ವಿಕಾರಗಳಾಗಿವೆಯೇ ಹೊರತು ಒಂದೇ ರೋಗದ ಅಂಗಗಳಾಗಿ ನಿರೂಪಿತವಾಗಿಲ್ಲ. ಆದರೂ ಶರೀರವನ್ನೂ ಮನಸ್ಸನ್ನೂ ನಡುವೆ ಗೋಡೆಯಿಟ್ಟು ಬೇರ್ಪಡಿಸದ ದೃಷ್ಟಿಯೊಂದು ಅಲ್ಲಿದ್ದಿತೆಂಬುದು ನಿರ್ವಿವಾದವು.

ಆ ದೃಷ್ಟಿಯು ಗ್ರಂಥದಲ್ಲಿಯೇ ಉಳಿಯದೆ ಸಂಸ್ಥೆಯ ರೂಪವನ್ನು ತಾಳಿದುದಕ್ಕೆ ತಾಳಗುಂದದ ನೆರೆಯ ಬಳ್ಳಿಗಾವೆಯೇ ಸಾಕ್ಷಿ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ಕ್ರಿಸ್ತಶಕ ೧೧೬೨ರ ಶಾಸನವೊಂದು ವಿಸ್ತಾರವಾಗಿ ಬಣ್ಣಿಸುತ್ತದೆ. ಸಾಂಗವಾದ ವೇದಗಳು, ಕೌಮಾರ ಪಾಣಿನೀಯಾದಿ ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯನಾಟಕಗಳು ಇವೆಲ್ಲಕ್ಕೂ ಅದು ಪಾಠಸ್ಥಾನವಾಗಿದ್ದಿತು. ಅದೇ ಮಠವು ದೀನರಿಗೂ ಅನಾಥರಿಗೂ ಕುಂಟರು ಕುರುಡರು ಕಿವುಡರಿಗೂ ಅನ್ನಸ್ಥಾನವಾಗಿದ್ದಿತು. ನಾನಾ ರೋಗಿಗಳಿಗೆ ಔಷಧಸ್ಥಾನವಾಗಿದ್ದಿತು. ಭಯಗೊಂಡವರಿಗೆ ಅಭಯಸ್ಥಾನವೂ ಆಗಿದ್ದಿತು. ವ್ಯಾಕರಣದ ಪಾಠವೂ ರೋಗಿಯ ಶುಶ್ರೂಷೆಯೂ ಒಂದೇ ಪ್ರಾಕಾರದೊಳಗೆ ನಡೆಯುತ್ತಿದ್ದವೆಂಬುದನ್ನು ಗಮನಿಸಬೇಕು. ಅಲ್ಲಿ ಕಂಪವಾತದವರಿಗೆ ಯಾವ ಔಷಧವನ್ನು ಕೊಡುತ್ತಿದ್ದರೆಂದು ಶಾಸನವು ಹೇಳುವುದಿಲ್ಲ. ಆದರೆ ಔಷಧವನ್ನೂ ಅನ್ನವನ್ನೂ ಅಭಯವನ್ನೂ ಒಂದೇ ಉಸಿರಿನಲ್ಲಿ ಹೇಳಿದುದೇ ಒಂದು ಚಿಕಿತ್ಸಾಕ್ರಮವನ್ನು ಸೂಚಿಸುವಂತಿದೆ.

ಈಗ ಪಶ್ಚಿಮದೇಶದ ವೃತ್ತಾಂತವನ್ನು ನೋಡಬೇಕು. ಲಂಡನ್ ನಗರದ ಹಾಕ್ಸ್‌ಟನ್ ಎಂಬಲ್ಲಿ ವೈದ್ಯನಾಗಿದ್ದ ಜೇಮ್ಸ್ ಪಾರ್ಕಿನ್ಸನನು ೧೮೧೭ರಲ್ಲಿ ನಡುಕದ ವಾತವನ್ನು ಕುರಿತು ಚಿಕ್ಕದೊಂದು ಪ್ರಬಂಧವನ್ನು ಪ್ರಕಟಿಸಿದನು. ಆತನು ವರ್ಣಿಸಿದ ರೋಗಿಗಳು ಆರೇ ಮಂದಿ. ಅವರಲ್ಲಿ ಕೆಲವರು ಬೀದಿಯಲ್ಲಿ ಕಂಡವರು. ಇಷ್ಟು ಸ್ವಲ್ಪ ಸಾಮಗ್ರಿಯಿಂದ ಆತನು ಬರೆದ ಲಕ್ಷಣವು ಎರಡು ಶತಮಾನ ಕಳೆದರೂ ಆದರಣೀಯವಾಗಿದೆ. ಆದರೆ ಆ ಲಕ್ಷಣದಲ್ಲಿ ಒಂದು ಮಾತನ್ನು ಆತನು ಸೇರಿಸಿದನು: ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಹಾನಿಯಿಲ್ಲವೆಂದು. ವಿಚಿತ್ರವೇನೆಂದರೆ, ಮೊದಲು ಉಲ್ಲಾಸಶೀಲನಾಗಿದ್ದ ರೋಗಿಯೊಬ್ಬನು ಬಾಗಿ ಸೊರಗಿ ಖಿನ್ನನಾಗಿ ಕಂಡನೆಂಬ ವರ್ಣನೆಯು ಅದೇ ಪುಸ್ತಕದಲ್ಲಿದೆ. ಉದಾಹರಣೆಯಲ್ಲಿ ಕಂಡ ಮನಸ್ಸು ಲಕ್ಷಣವಾಕ್ಯದಲ್ಲಿ ಬಿಟ್ಟುಹೋಯಿತು. ಸೂತ್ರದಲ್ಲಿ ಬಿಟ್ಟುದನ್ನು ವೃತ್ತಿಯಲ್ಲಿ ಸೇರಿಸುವುದು ಎಷ್ಟು ಕಷ್ಟವೆಂಬುದನ್ನು ಶಾಸ್ತ್ರಗಳನ್ನೋದಿದವರು ಬಲ್ಲರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ವೈದ್ಯಾಚಾರ್ಯನು ಈ ರೋಗಕ್ಕೆ ಪಾರ್ಕಿನ್ಸನನ ಹೆಸರನ್ನಿಟ್ಟನು. ನಡುಕವಿಲ್ಲದೆಯೂ ಈ ರೋಗವು ಬರಬಹುದೆಂದೂ, ಕಾಲಕ್ರಮದಲ್ಲಿ ಮನಸ್ಸೂ ಸ್ಮೃತಿಯೂ ಮಂಕಾಗುವುವೆಂದೂ ಆತನು ಬೋಧಿಸಿದನು. ಆದರೂ ವೈದ್ಯರ ಲಕ್ಷ್ಯವು ಬಹುಕಾಲ ಕೈಕಾಲುಗಳ ಮೇಲೆಯೇ ನಿಂತಿತು. ೧೯೧೭ರಲ್ಲಿ ವಿಯೆನ್ನಾದ ಫಾನ್ ಎಕೋನೊಮೊ ಎಂಬವನು ವರ್ಣಿಸಿದ ನಿದ್ರಾಜ್ವರವು ಮುಂದಿನ ಹತ್ತು ವರ್ಷ ಅನೇಕ ದೇಶಗಳಲ್ಲಿ ಹಬ್ಬಿ, ಅದರಿಂದ ಬದುಕಿ ಉಳಿದವರಲ್ಲಿ ಹಲವರಿಗೆ ಕಂಪವಾತದ ಬಿಗಿತವನ್ನು ತಂದಿತು. ಸೌಮ್ಯರಾಗಿದ್ದ ಮಕ್ಕಳು ಆ ಜ್ವರದ ತರುವಾಯ ದುಡುಕಿನವರೂ ಕ್ರೂರರೂ ಆದುದನ್ನು ವೈದ್ಯರು ಕಂಡರು. ಮೆದುಳಿನ ಒಳಭಾಗಕ್ಕೆ ತಗಲಿದ ಪೆಟ್ಟು ನಡತೆಯನ್ನೂ ಬದಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ದಾರುಣವಾದ ದೃಷ್ಟಾಂತ ಬೇಕಿರಲಿಲ್ಲ. ೧೯೧೯ರಲ್ಲಿ ಟ್ರೆಟಿಯಾಕಾಫ್ ಎಂಬವನು ಕಂಪವಾತದಲ್ಲಿ ಮೆದುಳಿನ ಬುಡದಲ್ಲಿರುವ ಕಪ್ಪುದ್ರವ್ಯವೆಂಬ ಭಾಗವು ಕ್ಷಯಿಸುವುದನ್ನು ತೋರಿಸಿಕೊಟ್ಟನು.

ಈ ಕಥೆಯಲ್ಲಿ ಮುಂದೆ ಬರುವ ಎರಡು ಪಾತ್ರಗಳು ನಮ್ಮ ದೇಶದ ಗಿಡಬಳ್ಳಿಗಳು. ಮೊದಲನೆಯದು ಸರ್ಪಗಂಧ. ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಅದರ ಬೇರು ಉಪಯುಕ್ತವೆಂದು ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ೧೯೩೧ರಲ್ಲಿ ಬರೆದರು. ಅದರ ಸಾರವಾದ ರೆಸರ್ಪೀನ್ ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಲ್ಪಟ್ಟಿತು. ಅದನ್ನು ಸೇವಿಸಿದ ಕೆಲವರಲ್ಲಿ ಕಂಪವಾತದಂತಹ ಬಿಗಿತವೂ ಮತ್ತೆ ಕೆಲವರಲ್ಲಿ ಗಾಢವಾದ ವಿಷಾದವೂ ತೋರಿಬಂದವು. ಒಂದೇ ಮೂಲಿಕೆಯು ಅಂಗವನ್ನೂ ಮನಸ್ಸನ್ನೂ ಏಕಕಾಲದಲ್ಲಿ ಕುಗ್ಗಿಸಬಲ್ಲುದಾದರೆ ಎರಡಕ್ಕೂ ಆಧಾರವಾದ ದ್ರವ್ಯಗಳು ಪರಸ್ಪರ ಬಂಧುಗಳಾಗಿರಬೇಕೆಂದು ಊಹಿಸಲು ಅವಕಾಶವಾಯಿತು.

ಎರಡನೆಯದು ಮಲೆನಾಡಿನ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ. ಅದರ ಕಾಯಿಯ ರೋಮ ತಗಲಿ ಮೈ ಕೆರೆದುಕೊಳ್ಳದೆ ಬೆಳೆದ ಹಳ್ಳಿಯ ಹುಡುಗರು ವಿರಳ. ಆತ್ಮಗುಪ್ತಾ, ಕಪಿಕಚ್ಛು ಎಂಬ ಹೆಸರುಗಳಿಂದ ಆಯುರ್ವೇದದಲ್ಲಿ ಪ್ರಸಿದ್ಧವಾದ ಇದರ ಬೀಜವು ವಾತಹರವೆಂದೂ ಬಲಕರವೆಂದೂ ಎಣಿಸಲ್ಪಟ್ಟಿತ್ತು. ೧೯೩೭ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಈ ಬೀಜದಿಂದ ಲೆವೊಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದು ಯಾವ ರೋಗಕ್ಕೆ ಮದ್ದಾಗುವುದೆಂದು ಆಗ ಲೋಕಕ್ಕೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, ೧೯೫೭ರಲ್ಲಿ, ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪೀನಿನಿಂದ ನಿಶ್ಚೇಷ್ಟವಾಗಿ ಬಿದ್ದಿದ್ದ ಮೊಲಗಳಿಗೆ ಡೋಪಾ ದ್ರವ್ಯವನ್ನು ಕೊಡಲು ಅವು ಎದ್ದು ಓಡಾಡಿದವು. ಸರ್ಪಗಂಧದ ಸಾರವು ಕೆಡಹಿದುದನ್ನು ನಸುಗುನ್ನಿಯಲ್ಲಿರುವ ದ್ರವ್ಯವೇ ಎಬ್ಬಿಸಿತು. ೧೯೬೦ರಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ಎಂಬ ವಿಯೆನ್ನಾದ ಸಂಶೋಧಕರು ಕಂಪವಾತದ ರೋಗಿಗಳ ಮೆದುಳಿನಲ್ಲಿ ಡೋಪಮೀನ್ ಎಂಬ ದ್ರವ್ಯವು ಬಹಳ ಕಡಮೆಯಾಗಿರುವುದನ್ನು ಕಂಡರು. ೧೯೬೭ರಲ್ಲಿ ಅಮೆರಿಕದ ಕೋಟ್ಸಿಯಾಸ್ ಎಂಬ ವೈದ್ಯನು ಡೋಪಾವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಂದ ಸೇವಿಸುವ ಕ್ರಮವನ್ನು ಸಾಧಿಸಿದನು. ಕಾರ್ಲ್‌ಸನನಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಮರಗಟ್ಟಿದವರು ನಡೆದರು, ಮಾತು ನಿಂತವರು ಮಾತನಾಡಿದರು ಎಂಬ ಸಂತೋಷದಲ್ಲಿ ಕೆಲವು ಕಾಲ ಕಳೆಯಿತು. ಆದರೆ ೧೯೬೯ರಲ್ಲಿ ನ್ಯೂಯಾರ್ಕಿನಲ್ಲಿ ನಿದ್ರಾಜ್ವರದ ಹಳೆಯ ರೋಗಿಗಳಿಗೆ ಈ ಔಷಧವನ್ನು ಕೊಟ್ಟ ಆಲಿವರ್ ಸ್ಯಾಕ್ಸ್ ಎಂಬ ವೈದ್ಯನು ಅವರ ಎಚ್ಚರವನ್ನು ಮಾತ್ರವಲ್ಲದೆ, ಆ ಎಚ್ಚರದ ಬೆನ್ನಿಗೆ ಬಂದ ಉದ್ರೇಕ, ಅತ್ಯಾಶೆ, ಭ್ರಾಂತಿಗಳನ್ನೂ ೧೯೭೩ರ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಚಲನೆಯನ್ನು ಹೊರಡಿಸುವ ಡೋಪಮೀನೇ ಮನಸ್ಸಿನಲ್ಲಿ ಆಸೆಯನ್ನೂ ಪ್ರತಿಫಲದ ನಿರೀಕ್ಷೆಯನ್ನೂ ಎಬ್ಬಿಸುವುದಾಗಿದೆ. ಅದು ಕಡಮೆಯಾದರೆ ಇಚ್ಛೆಯು ಬತ್ತುತ್ತದೆ. ಔಷಧದಿಂದ ಮಿತಿಮೀರಿ ಕೆರಳಿದರೆ ಇಚ್ಛೆಗೆ ಕಡಿವಾಣ ತಪ್ಪುತ್ತದೆ.

ಎರಡನೆಯ ಅನರ್ಥವು ಸ್ಪಷ್ಟವಾದುದು ಇತ್ತೀಚೆಗೆ. ಡೋಪಮೀನನ್ನು ಅನುಕರಿಸುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಔಷಧಗಳನ್ನು ಸೇವಿಸುವವರಲ್ಲಿ ಕೆಲವರು ಜನ್ಮದಲ್ಲೇ ಆಡದ ಜೂಜಿಗೆ ತೊಡಗುವುದು, ಬೇಡದ ವಸ್ತುಗಳನ್ನು ಕೊಂಡು ರಾಶಿಹಾಕುವುದು, ತಿಂಡಿಗೆ ಮುಗಿಬೀಳುವುದು, ವಯಸ್ಸಿಗೆ ಒಪ್ಪದ ಕಾಮಾತುರತೆಯನ್ನು ತೋರುವುದು ಕಂಡುಬಂದಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ೩,೦೯೦ ರೋಗಿಗಳನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂತಹ ವಿಕಾರವು ನೂರಕ್ಕೆ ೧೩.೬ ಮಂದಿಯಲ್ಲಿ ಇದ್ದಿತು. ಆ ಬಗೆಯ ಔಷಧಗಳನ್ನು ಸೇವಿಸುವವರಲ್ಲಿ ೧೭.೧, ಸೇವಿಸದವರಲ್ಲಿ ೬.೯. ನಮ್ಮಲ್ಲಿ ಇದು ಮಟ್ಕಾ ಚೀಟಿಯ ರೂಪದಲ್ಲಿಯೋ, ಇಸ್ಪೀಟಿನ ರೂಪದಲ್ಲಿಯೋ, ಮೊಬೈಲಿನ ಆಟದ ರೂಪದಲ್ಲಿಯೋ ಬರಬಹುದು. ಹಣ ಕಳೆದುಹೋದ ಮೇಲೆ ಮನೆಯವರು ಆತನ ಶೀಲವನ್ನು ಹಳಿಯುತ್ತಾರೆ. ನಾಚಿಕೆಯಿಂದ ಆತನೂ ವೈದ್ಯನಿಗೆ ಹೇಳುವುದಿಲ್ಲ. ವೈದ್ಯನು ಕೇಳದಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಇಂತಹವನು ಅಪರಾಧಿಯೇ ಎಂಬ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಹೊಸದಲ್ಲ. ಮತ್ತನೂ ಉನ್ಮತ್ತನೂ ಆರ್ತನೂ, ಎಂದರೆ ರೋಗಪೀಡಿತನೂ, ಮಾಡಿದ ವ್ಯವಹಾರವು ಸಿದ್ಧಿಸದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದವನು. ಬಳ್ಳಿಗಾವೆಯೂ ತಾಳಗುಂದವೂ ಆಗ ಅದೇ ರಾಜ್ಯದ ಬನವಾಸಿನಾಡಿನಲ್ಲಿದ್ದವು. ಕರ್ತನ ಸ್ವಾತಂತ್ರ್ಯಕ್ಕೆ ಭಂಗ ಬಂದಲ್ಲಿ ಕರ್ಮದ ಹೊಣೆಯೂ ತಗ್ಗುವುದೆಂಬುದು ಆ ವಿಧಿಯ ಹೃದಯ. ಹಾಗೆಂದು ಹೆಂಡತಿಮಕ್ಕಳು ನಷ್ಟವನ್ನು ಅನುಭವಿಸುತ್ತ ಕುಳಿತಿರಬೇಕೆಂದು ಅರ್ಥವಲ್ಲ. ಹಣದ ಕೀಲಿಯನ್ನು ಇನ್ನೊಬ್ಬರು ಇಟ್ಟುಕೊಳ್ಳಬೇಕು. ನಿಂದೆಯನ್ನು ಬಿಟ್ಟು ವಿಷಯವನ್ನು ವೈದ್ಯನ ಮುಂದಿಡಬೇಕು. ಔಷಧವನ್ನು ವೈದ್ಯನು ಮೆಲ್ಲಮೆಲ್ಲನೆ ತಗ್ಗಿಸಿದರೆ ಈ ಚಪಲವು ಬಹುಮಟ್ಟಿಗೆ ಇಳಿಯುತ್ತದೆ. ಕೋಪದಿಂದಲೋ ಭಯದಿಂದಲೋ ಮನೆಯವರೇ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಬಿಗಿತವೂ ಜ್ವರವೂ ಉಲ್ಬಣಿಸಿ ಪ್ರಾಣಕ್ಕೆ ಸಂಚಕಾರವಾಗಬಹುದು.

ಇನ್ನು ವಿಷಾದದ ವಿಚಾರ. ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಗಮನಾರ್ಹವಾದ ವಿಷಾದವಿರುವುದೆಂದು ವೈದ್ಯರ ಮತ. ಕೈ ಸೋತವನಿಗೆ ದುಃಖವಾಗುವುದು ಸಹಜವೆಂದು ಹಿಂದೆ ಸಮಾಧಾನ ಹೇಳುತ್ತಿದ್ದರು. ಆದರೆ ಎಷ್ಟೋ ಮಂದಿಗೆ ವಿಷಾದವೂ ಕಳವಳವೂ ನಡುಕಕ್ಕಿಂತ ಕೆಲವು ವರ್ಷ ಮೊದಲೇ ಬಂದಿರುತ್ತವೆ. ಬಾರದ ನಡುಕಕ್ಕೆ ಯಾರೂ ಮುಂಚಿತವಾಗಿ ಅಳುವುದಿಲ್ಲ. ಆದುದರಿಂದ ಅದು ದುಃಖದ ಫಲ ಮಾತ್ರವಾಗಿರದೆ ರೋಗದ ಅಂಶವೇ ಆಗಿದೆ. ಜರ್ಮನಿಯ ಬ್ರಾಕ್ ಎಂಬ ಶರೀರಶಾಸ್ತ್ರಜ್ಞನು ೨೦೦೩ರಲ್ಲಿ ನಿರೂಪಿಸಿದಂತೆ, ಈ ಕ್ಷಯವು ಘ್ರಾಣದ ನೆಲೆಯಲ್ಲಿಯೂ ಮೆದುಳಿನ ಕಾಂಡದ ಕೆಳಭಾಗದಲ್ಲಿಯೂ ಮೊದಲು ತೋರಿ, ಬಳಿಕ ಕಪ್ಪುದ್ರವ್ಯಕ್ಕೆ ಏರುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನ ಒದೆತ, ಇವು ನಡುಕಕ್ಕೆ ಮುಂಚಿನ ದೂತರಾಗಿರಬಹುದು. ನಗದ ಮುಖವನ್ನು ಕಂಡು ವಿಷಾದವೆಂದೇ ನಿರ್ಣಯಿಸುವುದೂ ತಪ್ಪು; ಮುಖದ ಸ್ನಾಯುಗಳು ಬಿಗಿದುದರಿಂದ ಒಳಗಿನ ಸಂತೋಷವು ಹೊರಗೆ ಬಾರದೆ ನಿಂತಿರಬಹುದು. ಉತ್ಸಾಹಶೂನ್ಯತೆಯೂ ವಿಷಾದದಿಂದ ಬೇರೆ. ವಿಷಾದವುಳ್ಳವನು ಅಳುತ್ತಾನೆ, ಉತ್ಸಾಹ ಬತ್ತಿದವನಿಗೆ ಅಳುವೂ ಬೇಡವಾಗಿರುತ್ತದೆ.

ಇಲ್ಲದುದನ್ನು ಕಾಣುವ ಭ್ರಾಂತಿಯಲ್ಲಿ ಇನ್ನೊಂದು ಅಪಾಯವಿದೆ. ಹುಚ್ಚಿಗೆ ಸಾಮಾನ್ಯವಾಗಿ ಕೊಡುವ ಹ್ಯಾಲೊಪೆರಿಡಾಲ್ ಮೊದಲಾದ ಔಷಧಗಳು ಡೋಪಮೀನನ್ನೇ ತಡೆಯುವುದರಿಂದ ಕಂಪವಾತದವನನ್ನು ಮತ್ತಷ್ಟು ಮರಗಟ್ಟಿಸುತ್ತವೆ. ಕ್ವೆಟಿಯಪೀನ್, ಕ್ಲೋಜಪೀನ್ ಎಂಬಂತಹ ಬೇರೆ ಔಷಧಗಳನ್ನು ಬಲ್ಲ ವೈದ್ಯರೇ ನೋಡಿ ಕೊಡಬೇಕು. ನಸುಗುನ್ನಿಯ ಬೀಜದಲ್ಲಿ ಔಷಧವಿದೆಯಲ್ಲವೆಂದು ಅದರ ಪುಡಿಯನ್ನು ತಾವೇ ಅಳೆದು ಸೇವಿಸುವುದೂ ಸಾಹಸವೇ. ಮಾತ್ರೆಯೊಡನೆ ಅದು ಕೂಡಿದರೆ ಡೋಪಾ ಎಷ್ಟಾಯಿತೆಂದು ಬಲ್ಲವರಾರು?

ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು. ಮಾನಸಿಕ ಆರೋಗ್ಯ, ನರವಿಜ್ಞಾನ ಎಂಬೆರಡು ಪದಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ನಡುಕವನ್ನು ನೋಡುವ ವೈದ್ಯನೂ ವಿಷಾದವನ್ನು ನೋಡುವ ವೈದ್ಯನೂ ಒಂದೇ ಆವರಣದಲ್ಲಿ ದೊರೆಯುತ್ತಾರೆ. ೨೦೧೬ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಪಾರ್ಕಿನ್ಸನ್ ರೋಗವನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿ ಸೇರಿಸಿದೆಯೆಂಬುದನ್ನೂ ಹಳ್ಳಿಯ ಕುಟುಂಬಗಳು ತಿಳಿದಿರಬೇಕು.

ಆದರೆ ಬೆಂಗಳೂರು ತಾಳಗುಂದಕ್ಕೆ ದೂರ. ವೈದ್ಯನು ತಿಂಗಳಿಗೊಮ್ಮೆ ಕಾಣುವ ರೋಗಿಯನ್ನು ಹೆಂಡತಿಯೋ ಸೊಸೆಯೋ ಹಗಲಿರುಳೂ ಕಾಣುತ್ತಾಳೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವಳೂ, ಗುಂಡಿ ಹಾಕುವವಳೂ, ರಾತ್ರಿಯ ಒದೆತವನ್ನು ತಿನ್ನುವವಳೂ ಅವಳೇ. ಅವಳ ನಿದ್ರೆಯೂ ಮನಸ್ಸೂ ಕೆಡುವುದನ್ನು ಯಾವ ಸಂಹಿತೆಯ ಪಟ್ಟಿಯೂ ಎಣಿಸಿಲ್ಲ. ಆತನ ಮೌನವು ತಿರಸ್ಕಾರವಲ್ಲವೆಂದು ಆಕೆಗೆ ಯಾರಾದರೂ ತಿಳಿಯಹೇಳಿದರೆ ಅದೇ ಅರ್ಧ ಚಿಕಿತ್ಸೆ.

ಕೋಡಿಯಮಠದ ಪಾಠವು ನಿಂತು ಶತಮಾನಗಳಾದವು. ಅದರ ಔಷಧಶಾಲೆಯೂ ಅಳಿದುಹೋಯಿತು. ಶಾಸನದ ಕಲ್ಲು ಮಾತ್ರ ಉಳಿದು ಅನ್ನ, ಔಷಧ, ಅಭಯ ಎಂಬ ಮೂರನ್ನು ನೆನಪಿಗೆ ತರುತ್ತಿದೆ. ಮೊದಲೆರಡನ್ನು ಸರ್ಕಾರವೂ ಆಸ್ಪತ್ರೆಗಳೂ ಒದಗಿಸಬಲ್ಲವು. ಮೂರನೆಯದನ್ನು ಮನೆಯವರೂ ಊರವರೂ ಕೊಡಬೇಕು. ಜಗಲಿಯಲ್ಲಿ ಕುಳಿತ ಆ ಹಿರಿಯನನ್ನು ಗರ್ವಿಯೆನ್ನದೆ, ಸೋಮಾರಿಯೆನ್ನದೆ, ಹುಚ್ಚನೆನ್ನದೆ, ರೋಗಿಯೆಂದು ಹೇಳಿ ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚಿಕೊಟ್ಟರೆ ಅಷ್ಟರಮಟ್ಟಿಗೆ ಕೋಡಿಯಮಠವು ಇನ್ನೂ ಉಳಿದಿದೆಯೆಂದು ಹೇಳಬಹುದು.